ಜೀವಶಕ್ತಿಯ ತಾಯಿಬೇರು

(ಪಿಯು ವಿದ್ಯಾರ್ಥಿಗಳು, ಅವರ ಪಾಲಕರು ಮತ್ತು ಊರಿನ ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಜೆಮಲ್ಲಿಗೆ ಗಿಡ ನೋಡದವರು ಈ ಸಭೆಯಲ್ಲಿ ಯಾರೂ ಇರಲಾರರು. ಬಚ್ಚಲ ನೀರು ಹರಿಯುವ ಕಡೆ, ಬೇಲಿಯ ಬುಡದಲ್ಲಿ, ಯಾರೂ ನೆಡದೆಯೇ ಹುಟ್ಟುವ ಗಿಡ ಅದು. ಹೊತ್ತು ಇಳಿದ ಮೇಲೆ ಅರಳುತ್ತದೆ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಒಂದು ಹೂವಿಗೆ ಒಂದೇ ಕಪ್ಪು ಬೀಜ. ಒಡೆದರೆ ಒಳಗೆ ಬಿಳಿ ಹಿಟ್ಟು. ಇದರಲ್ಲೇ ಎಲೆಯ ಮೇಲೆ ಬಿಳಿ ಮಚ್ಚೆ ಇರುವ ಒಂದು ಬಗೆಯಿದೆ. ಅಂಥ ಗಿಡದಲ್ಲಿ ಕೆಲವು ಕೊಂಬೆಗಳ ಎಲೆ ಪೂರ್ತಿ ಹಸಿರು, ಕೆಲವುದರದು ಪೂರ್ತಿ ಬಿಳಿ, ಉಳಿದವುಗಳಲ್ಲಿ ಎರಡೂ ಬೆರೆತ ಮಚ್ಚೆ. ಒಂದೇ ಗಿಡ, ಒಂದೇ ಬೇರು, ಮೂರು ಬಗೆಯ ಕೊಂಬೆ.

ಜರ್ಮನಿಯ ಕಾರ್ಲ್ ಕೊರೆನ್ಸ್ ಈ ಗಿಡವನ್ನು ಹಿಡಿದು ಕೂತರು. ಬಟಾಣಿ ಗಿಡಗಳ ಮೇಲೆ ಮೆಂಡೆಲ್ ಮಾಡಿದ ಕೆಲಸ 1866ರಲ್ಲಿ ಅಚ್ಚಾಗಿ, ಹೆಚ್ಚು ಯಾರೂ ಗಮನಿಸದೆ ಬಿದ್ದಿತ್ತು. 1900ರಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಕೊರೆನ್ಸ್ ಒಬ್ಬರು. ಅಂದರೆ, ತಾಯಿ ತಂದೆ ಇಬ್ಬರೂ ಸಮಪಾಲು ಕೊಡುತ್ತಾರೆ ಎಂಬ ಮೆಂಡೆಲ್ ನಿಯಮ ಅವರಿಗಿಂತ ಚೆನ್ನಾಗಿ ಬಲ್ಲವರು ಆಗ ಹೆಚ್ಚು ಜನ ಇರಲಿಲ್ಲ. ಅವರು ಬಿಳಿ ಕೊಂಬೆಯ ಹೂವಿಗೆ ಹಸಿರು ಕೊಂಬೆಯ ಪರಾಗ ಹಾಕಿದರು. ಬಂದ ಬೀಜಗಳನ್ನು ಬಿತ್ತಿದರೆ ಸಸಿಗಳೆಲ್ಲ ಬಿಳಿ. ಬೀಜದೊಳಗಿನ ಹಿಟ್ಟು ಮುಗಿಯುವವರೆಗೆ ಬದುಕಿ ಸತ್ತವು. ಹಸಿರು ಕೊಂಬೆಯ ಹೂವಿಗೆ ಬಿಳಿ ಕೊಂಬೆಯ ಪರಾಗ ಹಾಕಿದರು. ಸಸಿಗಳೆಲ್ಲ ಹಸಿರು. ಮಚ್ಚೆ ಕೊಂಬೆಯ ಹೂವಿಗೆ ಯಾವ ಪರಾಗ ಹಾಕಿದರೂ ಮೂರೂ ಬಗೆಯ ಸಸಿ ಬಂದವು. 1909ರಲ್ಲಿ ಇದನ್ನು ಪ್ರಕಟಿಸಿದರು. ಎಲೆಯ ಬಣ್ಣದ ಮಟ್ಟಿಗೆ ಪರಾಗದ ಮಾತು ನಡೆಯುತ್ತಲೇ ಇರಲಿಲ್ಲ. ಬೀಜ ಯಾವ ಕೊಂಬೆಯಲ್ಲಿ ಕಟ್ಟಿತು ಎಂಬುದಷ್ಟೇ ಮುಖ್ಯವಾಗಿತ್ತು. ಮೆಂಡೆಲ್‌ರನ್ನು ಎತ್ತಿ ಹಿಡಿದವರೇ ಮೆಂಡೆಲ್ ನಿಯಮಕ್ಕೆ ಒಳಪಡದ ಅನುವಂಶೀಯತೆಯನ್ನೂ ತೋರಿಸಿಕೊಟ್ಟರು. ಇಂಥ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹಸಿರು ಎಲ್ಲಿಂದ ಬರುತ್ತದೆ? ಎಲೆಯ ಜೀವಕೋಶದೊಳಗಿನ ಕ್ಲೋರೊಪ್ಲಾಸ್ಟ್ ಎಂಬ ಪುಟ್ಟ ಕಣಗಳಿಂದ. ಬಿಸಿಲನ್ನು ಹಿಡಿದು ಸಕ್ಕರೆ ಮಾಡುವುದು ಅವೇ. ಈ ಗಿಡದ ಕೆಲವು ಕ್ಲೋರೊಪ್ಲಾಸ್ಟ್‌ಗಳಲ್ಲಿ ದೋಷವಿದೆ, ಅವು ಹಸಿರಾಗಲಾರವು. ಬೀಜಕ್ಕೆ ಅವು ಹೋಗುವುದು ಅಂಡಕೋಶದ ಮೂಲಕ ಮಾತ್ರ, ಪರಾಗದ ಮೂಲಕ ಅಲ್ಲ. ಶಕ್ತಿಯನ್ನು ಹಿಡಿಯುವ ಕಣಕ್ಕೇ ಅದರದೇ ಆದ ವಂಶಾವಳಿ ಇದೆ, ಅದು ತಾಯಿಯ ಕಡೆಯಿಂದ ಬರುತ್ತದೆ ಎಂದಾಯಿತು.

ನಮ್ಮ ಪಠ್ಯಪುಸ್ತಕಗಳಲ್ಲಿ ಉಸಿರಾಟ ಒಂದು ಪಾಠ, ಅನುವಂಶೀಯತೆ ಇನ್ನೊಂದು ಪಾಠ. ನಡುವೆ ಹತ್ತಾರು ಪುಟ. ಪರೀಕ್ಷೆಗೆ ಅದು ಸರಿ. ಆದರೆ ಜೀವಕೋಶದೊಳಗೆ ಇವೆರಡೂ ಒಂದೇ ಪಾಠ ಎಂದು ಹೇಳಲಿಕ್ಕೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ.

ಮೊದಲು ಉಸಿರಾಟ. 1780ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಲಾವೋಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಕೂರಿಸಿ, ಎಷ್ಟು ಮಂಜು ಕರಗಿತು ಎಂದು ಅಳೆದರು. ಅದು ಬಿಟ್ಟ ಉಸಿರಿನ ಅನಿಲವನ್ನೂ ಅಳೆದರು. ಅಷ್ಟೇ ಅನಿಲ ಬರುವಷ್ಟು ಇದ್ದಿಲು ಸುಟ್ಟರೆ ಎಷ್ಟು ಮಂಜು ಕರಗುತ್ತದೆ ಎಂದೂ ನೋಡಿದರು. ಎರಡೂ ಲೆಕ್ಕ ಹತ್ತಿರ ಹತ್ತಿರ ಬಂದವು. ಉಸಿರಾಟವೆಂದರೆ ನಿಧಾನವಾದ ಉರಿ ಎಂದು ಅಂದು ಖಚಿತವಾಯಿತು. ದಿನಕ್ಕೆ 2,000 ಕಿಲೊಕ್ಯಾಲರಿ ಉಣ್ಣುವ ಒಬ್ಬ ಮನುಷ್ಯ ಹಗಲೂ ರಾತ್ರಿ ಸರಾಸರಿ ಸುಮಾರು 100 ವ್ಯಾಟ್ ಖರ್ಚು ಮಾಡುತ್ತಾನೆ. ಮಲಗಿದ್ದರೂ ಖರ್ಚು ನಿಲ್ಲುವುದಿಲ್ಲ.

ಆದರೆ ಜೀವಕೋಶ ರೊಟ್ಟಿಯನ್ನು ನೇರವಾಗಿ ಬಳಸಲಾರದು. ಅದು ಬಳಸುವುದು ಎಟಿಪಿ ಎಂಬ ಸಣ್ಣ ಅಣುವನ್ನು. ಮೂರು ಫಾಸ್ಫೇಟ್ ತುಣುಕುಗಳಲ್ಲಿ ಕೊನೆಯದು ಕಳಚಿದಾಗ ಬರುವ ಶಕ್ತಿಯಿಂದ ಸ್ನಾಯು ಮಿಡಿಯುತ್ತದೆ, ನರ ಕೆಲಸ ಮಾಡುತ್ತದೆ, ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಕಳಚಿದ್ದನ್ನು ಮತ್ತೆ ಜೋಡಿಸಬೇಕು, ಮತ್ತೆ ಕಳಚಬೇಕು. ಹೀಗೆ ಒಂದು ದಿನದಲ್ಲಿ ನಮ್ಮ ಮೈಯಲ್ಲಿ ತಯಾರಾಗುವ ಎಟಿಪಿಯ ಒಟ್ಟು ತೂಕ ಅಂದಾಜು ನಮ್ಮ ಮೈತೂಕದಷ್ಟೇ ಆಗುತ್ತದೆ. ಒಂದು ಕ್ಷಣಕ್ಕೆ ಮೈಯಲ್ಲಿ ಇರುವುದು ಮಾತ್ರ ಗ್ರಾಂಗಳ ಲೆಕ್ಕದಲ್ಲಿ. ಸಂಗ್ರಹ ಎಂಬುದು ಇಲ್ಲವೇ ಇಲ್ಲ ಎನ್ನಬಹುದು. ಆಗಿಂದಾಗ್ಗೆ ಮಾಡಿ ಆಗಿಂದಾಗ್ಗೆ ಮುಗಿಸುವುದು.

ಈ ಅಣುವನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಗುರುತಿಸಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡರು. ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ. ಓದಿದ್ದು ಮದ್ರಾಸಿನ ವೈದ್ಯಕೀಯ ಕಾಲೇಜಿನಲ್ಲಿ. ಆನೆಕಾಲು ರೋಗಕ್ಕೆ ಇಂದಿಗೂ ಮನೆಮನೆಗೆ ಬಂದು ನುಂಗಿಸುವ ಡಿಇಸಿ ಮಾತ್ರೆ ಇದೆಯಲ್ಲ, ಅದು ಹೊರಬಂದದ್ದೂ ಮುಂದೆ ಅವರು ಮುನ್ನಡೆಸಿದ ಪ್ರಯೋಗಾಲಯದಿಂದಲೇ. ಅವರ ಹೆಸರು ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಗೂ ಗೊತ್ತಿರಬೇಕು.

ಎಟಿಪಿ ತಯಾರಾಗುವುದು ಬಹುಪಾಲು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಪುಟ್ಟ ಕಣಗಳಲ್ಲಿ. ಹೃದಯದ ಸ್ನಾಯುಕೋಶದಲ್ಲಿ ಸುಮಾರು ಮೂರನೇ ಒಂದು ಭಾಗ ಜಾಗವನ್ನು ಇವೇ ತುಂಬಿರುತ್ತವೆ. ನಮ್ಮ ಕೆಂಪು ರಕ್ತಕಣಗಳಲ್ಲಿ ಒಂದೂ ಇಲ್ಲ. ಹೇಗೆ ತಯಾರಾಗುತ್ತದೆ ಎಂಬ ಪ್ರಶ್ನೆ ಮಾತ್ರ ದಶಕಗಳ ಕಾಲ ಜೀವರಸಾಯನ ವಿಜ್ಞಾನಿಗಳನ್ನು ಸತಾಯಿಸಿತು. ಎಲ್ಲರೂ ನಡುವೆ ಯಾವುದೋ ಒಂದು ರಾಸಾಯನಿಕ ಇದ್ದೇ ಇರಬೇಕು ಎಂದು ಹುಡುಕುತ್ತಿದ್ದರು. ಅದು ಸಿಗಲೇ ಇಲ್ಲ. 1961ರಲ್ಲಿ ಇಂಗ್ಲೆಂಡಿನ ಪೀಟರ್ ಮಿಚೆಲ್, ಅಂಥದ್ದೊಂದು ಇಲ್ಲವೇ ಇಲ್ಲ ಎಂದರು. ಊಟದಿಂದ ಬಂದ ಎಲೆಕ್ಟ್ರಾನ್‌ಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ದಾಟುವಾಗ ಬಿಟ್ಟುಕೊಟ್ಟ ಶಕ್ತಿಯಿಂದ ಪ್ರೋಟಾನ್‌ಗಳನ್ನು ಮೈಟೊಕಾಂಡ್ರಿಯದ ಒಳಪೊರೆಯ ಆಚೆ ತಳ್ಳಲಾಗುತ್ತದೆ. ಲಿಂಗನಮಕ್ಕಿಯ ಹಿಂದೆ ಶರಾವತಿ ನಿಂತಂತೆ ಅವು ಆಚೆ ನಿಲ್ಲುತ್ತವೆ, ಮರಳಿ ಬರುವಾಗ ಒಂದು ಗಾಲಿಯನ್ನು ತಿರುಗಿಸುತ್ತವೆ, ಎಟಿಪಿ ತಯಾರಾಗುತ್ತದೆ. ಇಷ್ಟೇ ಅವರ ವಾದ. ಯಾರೂ ಒಪ್ಪಲಿಲ್ಲ. ಹೊಟ್ಟೆಹುಣ್ಣಿನಿಂದ ನರಳಿ ಎಡಿನ್‌ಬರೋದ ಕೆಲಸ ಬಿಟ್ಟ ಮಿಚೆಲ್, ಕಾರ್ನ್‌ವಾಲ್‌ನಲ್ಲಿ ಬೊಡ್ಮಿನ್ ಎಂಬ ಊರ ಬಳಿ ಒಂದು ಹಳೇ ಬಂಗಲೆಯನ್ನು ದುರಸ್ತಿ ಮಾಡಿ, ಅಲ್ಲೇ ಜೆನ್ನಿಫರ್ ಮೊಯ್ಲ್ ಜೊತೆ ಪ್ರಯೋಗ ಮುಂದುವರಿಸಿದರು. 1978ರ ರಸಾಯನ ವಿಜ್ಞಾನದ ನೊಬೆಲ್ ಅವರೊಬ್ಬರಿಗೇ ಬಂತು.

ಅವರ ಮಾತು ನಿಜ ಎಂದು ತೋರಿಸಿದ ಪ್ರಯೋಗಗಳಲ್ಲಿ ನನಗೆ ತುಂಬ ಪ್ರಿಯವಾದದ್ದು 1966ರದು. ಕ್ಲೋರೊಪ್ಲಾಸ್ಟ್‌ಗಳೂ ಇದೇ ಬಗೆಯಲ್ಲಿ ಎಟಿಪಿ ಮಾಡುತ್ತವೆ, ಬೆಳಕಿನ ಬಲದಿಂದ. ಆಂಡ್ರೆ ಜಾಗೆನ್‌ಡಾರ್ಫ್ ಮತ್ತು ಅರ್ನೆಸ್ಟ್ ಉರೀಬೆ ಎಂಬ ಇಬ್ಬರು ಪಾಲಕ್ ಎಲೆಯಿಂದ ಕ್ಲೋರೊಪ್ಲಾಸ್ಟ್‌ಗಳನ್ನು ತೆಗೆದು, ಕತ್ತಲಲ್ಲಿ, ಹುಳಿ ದ್ರಾವಣದಲ್ಲಿ ನೆನೆಸಿದರು. ಹುಳಿಯಲ್ಲಿ ಪ್ರೋಟಾನ್ ಹೆಚ್ಚು, ಹಾಗಾಗಿ ಒಳಗೆಲ್ಲ ಪ್ರೋಟಾನ್ ತುಂಬಿಕೊಂಡಿತು. ಆಮೇಲೆ ಅವುಗಳನ್ನು ಥಟ್ಟನೆ ಕ್ಷಾರ ದ್ರಾವಣಕ್ಕೆ ಹಾಕಿದರು. ಒಂದು ಚೂರೂ ಬೆಳಕಿಲ್ಲ, ಎಲೆಕ್ಟ್ರಾನ್ ದಾಟುವ ಮಾತಿಲ್ಲ, ಆದರೂ ಎಟಿಪಿ ತಯಾರಾಯಿತು! ಪೊರೆಯ ಈಚೆ ಆಚೆ ಪ್ರೋಟಾನ್‌ಗಳ ವ್ಯತ್ಯಾಸವೊಂದಿದ್ದರೆ ಸಾಕು. ಗಾಲಿ ತಿರುಗುವುದನ್ನೂ ಮುಂದೆ ಕಣ್ಣಾರೆ ಕಂಡರು. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ಪ್ರೋಟೀನಿಗೆ ಹೊಳೆಯುವ ಒಂದು ಎಳೆಯನ್ನು ಅಂಟಿಸಿ ಸೂಕ್ಷ್ಮದರ್ಶಕದಡಿ ನೋಡಿದಾಗ ಎಳೆ ಗಿರಗಿರ ಸುತ್ತುತ್ತಿತ್ತು. ಒಂದು ಸುತ್ತಿಗೆ ಮೂರು ಎಟಿಪಿ. ನೀವು ಇಲ್ಲಿ ಕುಳಿತು ನನ್ನ ಮಾತು ಕೇಳುತ್ತಿರುವಾಗ ನಿಮ್ಮೊಳಗೆ ಲೆಕ್ಕವಿಲ್ಲದಷ್ಟು ಇಂಥ ಗಾಲಿಗಳು ಸುತ್ತುತ್ತಿವೆ.

ಪೊರೆ ಸೋರಿದರೆ? ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಹಸುಗೂಸುಗಳ ಬೆನ್ನ ಮೇಲ್ಭಾಗದ ಕಂದು ಕೊಬ್ಬಿನಲ್ಲಿ ಬೇಕೆಂದೇ ಹೀಗೆ ಸೋರಿಸುವ ಒಂದು ಪ್ರೋಟೀನ್ ಇದೆ. ನಡುಗಲು ಬಾರದ ಕೂಸು ಬೆಚ್ಚಗಿರುವುದರಲ್ಲಿ ಅದರ ಪಾಲು ದೊಡ್ಡದು. ತಾವರೆ ಹೂವೂ ಮೈಟೊಕಾಂಡ್ರಿಯಗಳ ಶಕ್ತಿಯನ್ನು ಹೀಗೇ ಬಿಸಿಯಾಗಿ ಬಿಡುತ್ತದೆ, ಅದರ ದಾರಿ ಮಾತ್ರ ಸ್ವಲ್ಪ ಬೇರೆ. ಹೊರಗೆ 10 ಡಿಗ್ರಿ ಚಳಿಯಿದ್ದರೂ ಅರಳುವ ತಾವರೆ ತನ್ನೊಳಗನ್ನು 30 ಡಿಗ್ರಿಗಿಂತ ಮೇಲೆ ಇಟ್ಟುಕೊಳ್ಳಬಲ್ಲದು. ಇದೇ ಸೋರಿಕೆಯನ್ನು ಮಾತ್ರೆ ನುಂಗಿ ಮಾಡಿಕೊಳ್ಳಹೋದ ಕಾಲವೂ ಇತ್ತು. 1930ರ ದಶಕದಲ್ಲಿ ಅಮೆರಿಕದಲ್ಲಿ ಡಿಎನ್‌ಪಿ ಎಂಬ ರಾಸಾಯನಿಕವನ್ನು ತೂಕ ಇಳಿಸಲು ಮಾರಿದರು. ತೂಕ ಇಳಿಯುತ್ತಿತ್ತು, ನಿಜ. ಜೊತೆಗೆ ಮೈ ಕಾದು ಕಾದು ಜನ ಸತ್ತರು, ಕೆಲವರಿಗೆ ಕಣ್ಣಿನ ಪೊರೆ ಬಂತು. 1938ರಲ್ಲಿ ನಿಲ್ಲಿಸಿದರು. ಇಂಟರ್‌ನೆಟ್ಟಿನಲ್ಲಿ ಅದು ಇಂದೂ ಮಾರಾಟಕ್ಕೆ ಸಿಗುತ್ತದೆ, ಇಂದೂ ಜನ ಸಾಯುತ್ತಿದ್ದಾರೆ. ಜಿಮ್‌ಗೆ ಹೋಗುವ ಹುಡುಗರು ಇಲ್ಲಿದ್ದರೆ ದಯವಿಟ್ಟು ಈ ಹೆಸರು ನೆನಪಿಟ್ಟುಕೊಳ್ಳಿ: ಡಿಎನ್‌ಪಿ. ಮುಟ್ಟಬೇಡಿ.

ಈಗ ವಂಶದ ಮಾತಿಗೆ ಬರುತ್ತೇನೆ.

1963ರಲ್ಲಿ ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ದಂಪತಿ ಕೋಳಿಭ್ರೂಣದ ಮೈಟೊಕಾಂಡ್ರಿಯಗಳ ಒಳಗೆ ಎಳೆಗಳನ್ನು ಕಂಡು, ಅವು ವಂಶದ ಗುಣಗಳನ್ನು ಬರೆದಿಟ್ಟ ಡಿಎನ್‌ಎ ಎಂದು ತೋರಿಸಿದರು. ಡಿಎನ್‌ಎ ಇರುವುದು ಕೋಶಕೇಂದ್ರದಲ್ಲಿ ಮಾತ್ರ ಎಂದು ನಂಬಿದ್ದ ಕಾಲ ಅದು. ಇದು ಇಲ್ಲಿಗೆ ಹೇಗೆ ಬಂತು? 1967ರಲ್ಲಿ ಲಿನ್ ಮಾರ್ಗುಲಿಸ್ ಒಂದು ದಿಟ್ಟ ಉತ್ತರ ಕೊಟ್ಟರು. ಹತ್ತಕ್ಕೂ ಹೆಚ್ಚು ಪತ್ರಿಕೆಗಳು ತಿರಸ್ಕರಿಸಿದ ಮೇಲೆ ಅಚ್ಚಾದ ಆ ಪ್ರಬಂಧದ ಪ್ರಕಾರ ಮೈಟೊಕಾಂಡ್ರಿಯ, ಕ್ಲೋರೊಪ್ಲಾಸ್ಟ್ ಎರಡೂ ಒಂದಾನೊಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಗಳು. ಇನ್ನೊಂದು ಕೋಶದೊಳಗೆ ಸೇರಿಕೊಂಡು ಅಲ್ಲೇ ಉಳಿದವು. ಈ ವಿಚಾರವನ್ನು ಮೊದಲು ಆಡಿದವರು ಬೇರೆಯವರೂ ಇದ್ದರು, ಆದರೆ ಪುರಾವೆ ಕೂಡಿಹಾಕಿ ಹಟ ಹಿಡಿದು ನಿಂತವರು ಮಾರ್ಗುಲಿಸ್. ಇಂದು ಇದನ್ನು ಒಪ್ಪದ ಜೀವವಿಜ್ಞಾನಿ ಸಿಗುವುದು ಕಷ್ಟ.

1981ರಲ್ಲಿ ಕೇಂಬ್ರಿಜ್‌ನಲ್ಲಿ ಮನುಷ್ಯನ ಮೈಟೊಕಾಂಡ್ರಿಯ ಡಿಎನ್‌ಎಯನ್ನು ಪೂರ್ತಿ ಓದಿದರು. ಬಳೆಯಾಕಾರದ ಎಳೆ, 16,569 ಅಕ್ಷರ, 37 ವಂಶವಾಹಿ, ಅಂದರೆ ಜೀನ್. ಕೋಶಕೇಂದ್ರದಲ್ಲಿರುವ ಸುಮಾರು 300 ಕೋಟಿ ಅಕ್ಷರ, 20,000ದಷ್ಟು ವಂಶವಾಹಿಗಳ ಮುಂದೆ ಇದು ಏನೇನೂ ಅಲ್ಲ. ಆದರೆ ಆ 37ರಲ್ಲಿ 13 ವಂಶವಾಹಿಗಳು ಕೊಡುವ ಪ್ರೋಟೀನ್‌ಗಳು ಪ್ರೋಟಾನ್ ತಳ್ಳುವ ಯಂತ್ರಗಳ ಮತ್ತು ಆ ಗಾಲಿಯ ಬಿಡಿಭಾಗಗಳೇ. ಉಳಿದ 24, ಆ 13 ಪ್ರೋಟೀನ್‌ಗಳನ್ನು ಕಟ್ಟಲು ಬೇಕಾದ ಸಲಕರಣೆ. ಮೈಟೊಕಾಂಡ್ರಿಯಕ್ಕೆ ಬೇಕಾದ ಇನ್ನೂ ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳ ವಂಶವಾಹಿಗಳು ಕೋಶಕೇಂದ್ರದಲ್ಲಿವೆ. ಒಂದೇ ಯಂತ್ರದ ಕೆಲವು ಭಾಗ ಇಲ್ಲಿಂದ, ಹೆಚ್ಚಿನ ಭಾಗ ಅಲ್ಲಿಂದ. ಎರಡೂ ಒಂದಕ್ಕೊಂದು ಸರಿಯಾಗಿ ಕೂರಬೇಕು. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಂಡಿರಿ, ಜೋಳದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮನುಷ್ಯರಲ್ಲೂ ಸಂಜೆಮಲ್ಲಿಗೆಯ ಕಥೆಯೇ. ತಾಯಿಯ ಅಂಡಾಣುವಿನಲ್ಲಿ ಲಕ್ಷದ ಲೆಕ್ಕದಲ್ಲಿ ಮೈಟೊಕಾಂಡ್ರಿಯಗಳಿರುತ್ತವೆ. ವೀರ್ಯಾಣುವಿನಲ್ಲಿ ನೂರರೊಳಗೆ, ಬಾಲ ಬಡಿದು ಈಜಲು ಬೇಕಾದಷ್ಟು. ಒಳಗೆ ಹೋದವುಗಳನ್ನೂ ಭ್ರೂಣ ಗುರುತು ಹಚ್ಚಿ ನಾಶ ಮಾಡುತ್ತದೆ. ಅಪವಾದ ಇಲ್ಲವೇ? ಇದೆ. 2002ರಲ್ಲಿ ಡೆನ್ಮಾರ್ಕಿನ ಒಬ್ಬ ರೋಗಿಯ ಸ್ನಾಯುವಿನಲ್ಲಿ ತಂದೆಯ ಮೈಟೊಕಾಂಡ್ರಿಯ ಡಿಎನ್‌ಎ ಕಂಡಿತ್ತು. ಆದರೆ ನಿಮ್ಮ, ನನ್ನ ಮಟ್ಟಿಗೆ ನಿಯಮ ಸ್ಪಷ್ಟ: ಅಮ್ಮನಿಂದ, ಅಮ್ಮನಿಗೆ ಅಜ್ಜಿಯಿಂದ, ಅಜ್ಜಿಗೆ ಅವಳ ತಾಯಿಯಿಂದ. ಹತ್ತು ತಲೆಮಾರು ಹಿಂದೆ ಹೋದರೆ ನಮ್ಮೆಲ್ಲರಿಗೂ ಲೆಕ್ಕಕ್ಕೆ 1,024 ಪೂರ್ವಜರು; ಅವರಲ್ಲಿ ಒಬ್ಬಳೇ ಹೆಂಗಸಿನ ಮೈಟೊಕಾಂಡ್ರಿಯ ಡಿಎನ್‌ಎ ನಮ್ಮಲ್ಲಿದೆ. ಗಂಡುಮಕ್ಕಳಿಗೂ ಇದು ತಾಯಿಯಿಂದಲೇ ಬರುತ್ತದೆ, ಆದರೆ ಅವರು ಮುಂದೆ ದಾಟಿಸುವುದಿಲ್ಲ.

ಏಕೆ ಹೀಗೆ? ಹಲವು ವಾದಗಳಿವೆ. ಎರಡು ಬಗೆಯವು ಒಂದೇ ಕೋಶದಲ್ಲಿ ಬೆರೆತರೆ ತೊಂದರೆ ಎಂಬುದು ಒಂದು. 2012ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗ ಇದಕ್ಕೆ ಬಲ ಕೊಡುತ್ತದೆ. ಬೇರೆಬೇರೆಯಾಗಿ ಯಾವ ದೋಷವೂ ಇಲ್ಲದ ಎರಡು ಬಗೆಯ ಮೈಟೊಕಾಂಡ್ರಿಯ ಡಿಎನ್‌ಎಯನ್ನು ಬೆರೆಸಿದಾಗ, ಆ ಇಲಿಗಳ ಓಡಾಟ ಕುಗ್ಗಿತು, ಕಲಿತದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿಯೂ ತಗ್ಗಿತು.

ಈ ಡಿಎನ್‌ಎಯಲ್ಲಿ ತಪ್ಪು ನುಸುಳಿದರೆ ಏನಾಗುತ್ತದೆ? ಶಕ್ತಿ ಹೆಚ್ಚು ಬೇಕಾದ ಅಂಗಗಳೇ ಮೊದಲು ಸೋಲುತ್ತವೆ: ಕಣ್ಣಿನ ನರ, ಮಿದುಳು, ಹೃದಯ, ಸ್ನಾಯು, ಕಿವಿ. ಜರ್ಮನಿಯ ಕಣ್ಣಿನ ವೈದ್ಯ ಥಿಯೊಡೋರ್ ಲೇಬರ್ 1871ರಲ್ಲೇ ಒಂದು ಕಾಯಿಲೆಯನ್ನು ವಿವರಿಸಿದ್ದರು. ಇಪ್ಪತ್ತು ಮೂವತ್ತರ ಹರೆಯದಲ್ಲಿ, ಹೆಚ್ಚಾಗಿ ಗಂಡಸರಿಗೆ, ನೋವಿಲ್ಲದೆ ಒಂದು ಕಣ್ಣಿನ ನಡುನೋಟ ಮಸುಕಾಗುತ್ತದೆ. ವಾರಗಳೊಳಗೆ, ಇಲ್ಲವೇ ತಿಂಗಳುಗಳೊಳಗೆ ಇನ್ನೊಂದು ಕಣ್ಣೂ ಹೋಗುತ್ತದೆ. ಕಾಯಿಲೆ ತಾಯಿಯ ಕಡೆಯಿಂದ ಬರುತ್ತದೆ ಎಂದು ತಿಳಿದಿತ್ತು, ಕಾರಣ ತಿಳಿದಿರಲಿಲ್ಲ. 1988ರಲ್ಲಿ ಡಗ್ಲಸ್ ವ್ಯಾಲೇಸ್ ತಂಡ ಮೈಟೊಕಾಂಡ್ರಿಯ ಡಿಎನ್‌ಎಯ 11,778ನೇ ಅಕ್ಷರ ಬದಲಾಗಿರುವುದನ್ನು ತೋರಿಸಿತು. ಒಂದೇ ಅಕ್ಷರ. ಈ ಬದಲಾವಣೆ ಇರುವವರಲ್ಲಿ ಎಲ್ಲರಿಗೂ ಕಣ್ಣು ಹೋಗುವುದಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು.

ಬೇರೆ ಕೆಲವು ಕಾಯಿಲೆಗಳಲ್ಲಿ ಕೆಟ್ಟದ್ದೂ ಒಳ್ಳೆಯದೂ ಒಂದೇ ಕೋಶದಲ್ಲಿ ಬೆರೆತಿರುತ್ತವೆ. ಮಚ್ಚೆ ಕೊಂಬೆಯ ಬೀಜಗಳನ್ನು ನೆನಪಿಸಿಕೊಳ್ಳಿ. ತಾಯಿಯಲ್ಲಿ ನೂರಕ್ಕೆ ಮೂವತ್ತು ಕೆಟ್ಟದ್ದಿದ್ದರೆ ಅವಳು ಆರೋಗ್ಯವಾಗಿಯೇ ಇರಬಹುದು. ಆದರೆ ಅಂಡಾಣು ರೂಪುಗೊಳ್ಳುವಾಗ ಈ ಹಂಚಿಕೆ ಏರುಪೇರಾಗುತ್ತದೆ. ಒಂದು ಮಗುವಿಗೆ ನೂರಕ್ಕೆ ಐದು ಬರಬಹುದು, ಇನ್ನೊಂದಕ್ಕೆ ಎಂಬತ್ತು. ಸಾಮಾನ್ಯವಾಗಿ ಅರವತ್ತು ಎಂಬತ್ತರ ಗಡಿ ದಾಟಿದಾಗ ಅಂಗಗಳು ಸೋಲತೊಡಗುತ್ತವೆ. ಹಾಗಾಗಿ ಒಂದೇ ತಾಯಿಯ ಒಂದು ಮಗು ಆಟವಾಡಿಕೊಂಡಿರುತ್ತದೆ, ಇನ್ನೊಂದು ಫಿಟ್ಸ್ ಬಂದು ಹಾಸಿಗೆ ಹಿಡಿಯುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. "ತಾಯಿಯಿಂದ ಬಂತು" ಎಂದ ಕೂಡಲೇ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸೊಸೆಯ ಕಡೆಗೆ ಬೆರಳು ತಿರುಗುತ್ತದೆ. ಅವಳ ತವರಿನವರನ್ನು ಆಡಿಕೊಳ್ಳುತ್ತಾರೆ, ಇನ್ನೊಂದು ಮದುವೆಯ ಮಾತೆತ್ತುತ್ತಾರೆ. ಇದು ಅನ್ಯಾಯ, ವಿಜ್ಞಾನದ ಹೆಸರಿನಲ್ಲಿ ನಡೆದರೆ ಇನ್ನೂ ದೊಡ್ಡ ಅನ್ಯಾಯ. ಅವಳು ತಿಂದದ್ದರಿಂದ, ಮಾಡಿದ್ದರಿಂದ ಆದದ್ದಲ್ಲ ಇದು. ಜೊತೆಗೆ, ಮಕ್ಕಳಲ್ಲಿ ಕಾಣುವ ಮೈಟೊಕಾಂಡ್ರಿಯ ಕಾಯಿಲೆಗಳಲ್ಲಿ ದೊಡ್ಡ ಪಾಲಿಗೆ ಕಾರಣ ಕೋಶಕೇಂದ್ರದ ವಂಶವಾಹಿಗಳು. ಅವುಗಳಲ್ಲಿ ತಂದೆಯ ಪಾಲೂ ಸಮವಾಗಿಯೇ ಇದೆ.

ಇನ್ನೊಂದು, ಮನೆಗೆ ಹೋಗಿ ಕೇಳಬೇಕಾದ ಸಂಗತಿ. ಮೈಟೊಕಾಂಡ್ರಿಯ ಮೂಲದಲ್ಲಿ ಬ್ಯಾಕ್ಟೀರಿಯ ಅಂದೆನಲ್ಲ, ಅದರೊಳಗಿನ ಪ್ರೋಟೀನ್ ಕಟ್ಟುವ ಯಂತ್ರ ಇಂದಿಗೂ ಸ್ವಲ್ಪಮಟ್ಟಿಗೆ ಬ್ಯಾಕ್ಟೀರಿಯದ್ದನ್ನೇ ಹೋಲುತ್ತದೆ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಥರದ ಇಂಜೆಕ್ಷನ್‌ಗಳು ಬ್ಯಾಕ್ಟೀರಿಯದ ಆ ಯಂತ್ರವನ್ನೇ ಕೆಡಿಸಿ ಕೊಲ್ಲುತ್ತವೆ. 1993ರಲ್ಲಿ ಒಂದು ವಿಷಯ ಗೊತ್ತಾಯಿತು. ಮೈಟೊಕಾಂಡ್ರಿಯ ಡಿಎನ್‌ಎಯ 1,555ನೇ ಅಕ್ಷರ ಬದಲಾಗಿರುವವರಲ್ಲಿ ಈ ಯಂತ್ರ ಬ್ಯಾಕ್ಟೀರಿಯದ್ದನ್ನು ಇನ್ನೂ ಹೆಚ್ಚು ಹೋಲುತ್ತದೆ. ಅಂಥವರಿಗೆ ಸಾಮಾನ್ಯ ಪ್ರಮಾಣದಲ್ಲಿ ಕೊಟ್ಟರೂ ಈ ಔಷಧ ಒಳಗಿವಿಯ ಕೋಶಗಳನ್ನು ಕೊಲ್ಲಬಹುದು, ಕಿವಿ ಶಾಶ್ವತವಾಗಿ ಕಿವುಡಾಗಬಹುದು. ನಿಮ್ಮ ತಾಯಿಯ ಕಡೆ, ಅಂದರೆ ಅಜ್ಜಿ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು, ಯಾರಿಗಾದರೂ ಜ್ವರಕ್ಕೋ ಟಿಬಿಗೋ ಇಂಜೆಕ್ಷನ್ ಕೊಟ್ಟ ಮೇಲೆ ಕಿವಿ ಹೋಗಿದ್ದರೆ, ಅದನ್ನು ನಿಮ್ಮ ವೈದ್ಯರಿಗೆ ತಪ್ಪದೆ ಹೇಳಿ. ಬೇರೆ ಔಷಧಗಳಿವೆ. ಹಾಗೆಂದು ಜೀವ ಉಳಿಸುವ ಇಂಜೆಕ್ಷನ್ನನ್ನು ನೀವೇ ಬೇಡ ಎನ್ನಬೇಡಿ. ವಿಷಯ ತಿಳಿಸಿ, ನಿರ್ಧಾರ ವೈದ್ಯರದು.

ಚಿಕಿತ್ಸೆ? ಬಹುಪಾಲು ಕಾಯಿಲೆಗಳಿಗೆ ಬುಡಸಮೇತ ಕೀಳುವ ಮದ್ದು ಇನ್ನೂ ಇಲ್ಲ. ತಡೆಯುವ ಒಂದು ದಾರಿ ತೆರೆದಿದೆ. ಬ್ರಿಟನ್ 2015ರಲ್ಲಿ ಕಾನೂನು ಮಾಡಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ತಾಯಿ ತಂದೆಯ ಕೋಶಕೇಂದ್ರಗಳನ್ನು, ಆರೋಗ್ಯವಂತ ಮೈಟೊಕಾಂಡ್ರಿಯ ಇರುವ ಇನ್ನೊಬ್ಬ ಹೆಂಗಸಿನ ಅಂಡಾಣುವಿಗೆ ಸಾಗಿಸುವುದು. ಅವಳ ಕೋಶಕೇಂದ್ರವನ್ನು ಮೊದಲೇ ತೆಗೆದಿರುತ್ತಾರೆ. ಹೀಗೆ ಹುಟ್ಟಿದ ಎಂಟು ಮಕ್ಕಳ ವಿವರವನ್ನು ನ್ಯೂಕ್ಯಾಸಲ್‌ನ ತಂಡ 2025ರ ಜುಲೈನಲ್ಲಿ ಪ್ರಕಟಿಸಿತು. ಕೆಲವು ಮಕ್ಕಳಲ್ಲಿ ತಾಯಿಯ ಕೆಟ್ಟ ಡಿಎನ್‌ಎ ಅಲ್ಪ ಪ್ರಮಾಣದಲ್ಲಿ ಉಳಿದಿತ್ತು, ಅದಕ್ಕೇ ಅವರನ್ನು ಇನ್ನೂ ಗಮನಿಸುತ್ತಿದ್ದಾರೆ. ಪತ್ರಿಕೆಗಳು "ಮೂವರು ಪಾಲಕರ ಮಗು" ಎಂದು ಬರೆದವು. ನನಗೆ ಆ ತಲೆಬರಹ ಇಷ್ಟವಾಗಲಿಲ್ಲ. 37 ವಂಶವಾಹಿ ಕೊಟ್ಟವಳಿಗೆ ಕೃತಜ್ಞತೆ ಇರಲಿ. ಆದರೆ ರೂಪ, ಬಣ್ಣ, ಎತ್ತರ ಎಲ್ಲಕ್ಕೂ ಮೂಲವಾದ ಉಳಿದ 20,000ದಷ್ಟು ವಂಶವಾಹಿ ಆ ತಾಯಿ ತಂದೆಯರದೇ.

ಇನ್ನು ರೈತರಿಗೆ ಹತ್ತಿರದ ವಿಷಯ. ರಾಣೆಬೆನ್ನೂರು ಕಡೆ ಹತ್ತಿ, ಟೊಮೆಟೊ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಒಂದೊಂದೇ ಮೊಗ್ಗನ್ನು ಬಿಡಿಸಿ, ಕೇಸರ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸುವುದನ್ನು ನೀವು ನೋಡಿದ್ದೀರಿ. ಜೋಳದ ತೆನೆಯಲ್ಲಿ ಹಾಗೆ ಮಾಡಲು ಸಾಧ್ಯವೇ? ಒಂದು ತೆನೆಯಲ್ಲಿ ಸಾವಿರಾರು ಹೂ, ಒಂದೊಂದೂ ರವೆಯಷ್ಟು. ಹಾಗಿದ್ದರೂ ಹೈಬ್ರಿಡ್ ಜೋಳದ ಬೀಜ ಚೀಲಗಟ್ಟಲೆ ಸಿಗುತ್ತದೆ. ಅದರ ಗುಟ್ಟು ಮೈಟೊಕಾಂಡ್ರಿಯದಲ್ಲಿದೆ.

1954ರಲ್ಲಿ ಅಮೆರಿಕದ ಸ್ಟೀಫನ್ಸ್ ಮತ್ತು ಹಾಲೆಂಡ್ ಎಂಬ ಇಬ್ಬರು, ಮೈಲೊ ಎಂಬ ಜೋಳದ ತಳಿಯನ್ನು ತಾಯಿಯಾಗಿಟ್ಟು, ಕಾಫಿರ್ ಎಂಬ ತಳಿಯ ಪರಾಗವನ್ನು ತಲೆಮಾರಿನ ಮೇಲೆ ತಲೆಮಾರು ಹಾಕಿದಾಗ ಬಂದ ಫಲವನ್ನು ವರದಿ ಮಾಡಿದರು. ಕೊನೆಗೆ ಉಳಿದ ಗಿಡದ ಕೋಶಕೇಂದ್ರವೆಲ್ಲ ಕಾಫಿರ್‌ನದು, ಮೈಟೊಕಾಂಡ್ರಿಯ ಮಾತ್ರ ಮೈಲೊದ್ದು. ಅವೆರಡೂ ಒಂದಕ್ಕೊಂದು ಸರಿಯಾಗಿ ಕೂರಲಿಲ್ಲ. ಗಿಡ ಸೊಗಸಾಗಿ ಬೆಳೆಯಿತು, ಹೆಣ್ಣುಭಾಗ ಚೆನ್ನಾಗಿತ್ತು, ಆದರೆ ಪರಾಗ ಕಟ್ಟಲಿಲ್ಲ. ಪರಾಗವೇ ಏಕೆ? ಪರಾಗ ಕಟ್ಟುವ ಕಾಲಕ್ಕೆ ಆ ಭಾಗದ ಕೋಶಗಳಿಗೆ ವಿಪರೀತ ಶಕ್ತಿ ಬೇಕು. ಮುಸುಕಿನ ಜೋಳದಲ್ಲಿ ಎಣಿಸಿ ನೋಡಿದವರು ಆ ಕೋಶಗಳ ಮೈಟೊಕಾಂಡ್ರಿಯ ಸಂಖ್ಯೆ ಹತ್ತಾರು ಪಟ್ಟು ಏರುವುದನ್ನು ಕಂಡಿದ್ದಾರೆ. ಎಲೆ, ಕಾಂಡ ಹೇಗೋ ಸುಧಾರಿಸಿಕೊಂಡು ಹೋಗುವ ಕುಂದು ಅಲ್ಲಿ ಮುಳುವಾಗುತ್ತದೆ.

ಕೇಸರ ಕೀಳುವ ಕೆಲಸವನ್ನು ಹೀಗೆ ಮೈಟೊಕಾಂಡ್ರಿಯವೇ ಮಾಡಿಕೊಟ್ಟಂತಾಯಿತು. ಬೀಜೋತ್ಪಾದನೆಯ ಹೊಲದಲ್ಲಿ ಪರಾಗ ಕಟ್ಟದ ತಳಿಯ ನಾಲ್ಕು ಹೆಣ್ಣು ಸಾಲು, ಪರಾಗ ಕೊಡುವ ಎರಡು ಗಂಡು ಸಾಲು ಬಿತ್ತುತ್ತಾರೆ. ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ. ಗಂಡು ಸಾಲಿನ ಕೋಶಕೇಂದ್ರದಲ್ಲಿ ಈ ಹೊಂದಾಣಿಕೆಯ ಕೊರತೆಯನ್ನು ಸರಿಪಡಿಸುವ ವಂಶವಾಹಿ ಇರುವುದರಿಂದ, ರೈತ ಬಿತ್ತಿದ ಹೈಬ್ರಿಡ್ ಪೈರಿನಲ್ಲಿ ಪರಾಗ ಮತ್ತೆ ಕಟ್ಟುತ್ತದೆ, ಕಾಳೂ ಕಟ್ಟುತ್ತದೆ. ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1, 1964ರಲ್ಲಿ ಬಿಡುಗಡೆಯಾದದ್ದು ಇದೇ ದಾರಿಯಲ್ಲಿ. ನಮ್ಮ ಹಿಂಗಾರಿಯ ಮಾಲದಂಡಿ ಹೈಬ್ರಿಡ್ ಅಲ್ಲ, ಅದರ ಬೀಜ ನೀವೇ ಎತ್ತಿಟ್ಟು ಬಿತ್ತುತ್ತೀರಿ. ರೊಟ್ಟಿಯ ರುಚಿಯಲ್ಲಿ ಅದನ್ನು ಮೀರಿಸಿದ್ದು ನನಗಂತೂ ಸಿಕ್ಕಿಲ್ಲ.

ಈ ದಾರಿಯಲ್ಲಿ ಅಪಾಯವೂ ಇತ್ತು. ಅಮೆರಿಕದ ಮುಸುಕಿನ ಜೋಳದಲ್ಲಿ ಟೆಕ್ಸಸ್ ಎಂಬ ಒಂದೇ ಮೂಲದ ಇಂಥ ಮೈಟೊಕಾಂಡ್ರಿಯವನ್ನು ಬಹುಪಾಲು ಕಂಪನಿಗಳು ಬಳಸಿದವು. 1970ರ ಹೊತ್ತಿಗೆ ಅಲ್ಲಿನ ನೂರಕ್ಕೆ ಸುಮಾರು 85ರಷ್ಟು ಮುಸುಕಿನ ಜೋಳದಲ್ಲಿ ಅದೇ ಇತ್ತು. ಆ ವರ್ಷ ಎಲೆ ಅಂಗಮಾರಿಯ ಶಿಲೀಂಧ್ರವೊಂದು ಬಂತು. ಟೆಕ್ಸಸ್ ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಒಂದು ವಿಚಿತ್ರ ಪ್ರೋಟೀನ್ ಇತ್ತು. ಪರಾಗ ಕೆಡುವುದಕ್ಕೂ ಅದೇ ಕಾರಣ. ಶಿಲೀಂಧ್ರದ ವಿಷ ಅದಕ್ಕೆ ಅಂಟಿದರೆ ಪೊರೆಯಲ್ಲಿ ತೂತು ಬೀಳುತ್ತದೆ, ಪ್ರೋಟಾನ್ ಸೋರುತ್ತದೆ. ಸೋರಿದರೆ ಎಟಿಪಿ ಎಲ್ಲಿಂದ? ದೇಶದ ಬೆಳೆಯಲ್ಲಿ ನೂರಕ್ಕೆ ಸುಮಾರು 15ರಷ್ಟು ಒಂದೇ ಹಂಗಾಮಿನಲ್ಲಿ ಹಾಳಾಯಿತು. ಕೋಶಕೇಂದ್ರದ ವಂಶವಾಹಿಗಳಲ್ಲಿ ಬಗೆಬಗೆಯ ತಳಿ ಇಟ್ಟುಕೊಂಡವರು ತಾಯಿಯ ಕಡೆಯ ಆ ಪುಟ್ಟ ಡಿಎನ್‌ಎಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನನ್ನ ಮಾತು ಇಲ್ಲಿಗೆ ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು ಇಲ್ಲಿವೆ.

ಮೊದಲನೆಯದನ್ನು ಕೇಳಿದವರು ಉಡುಪಿ ಕಡೆಯ ಒಬ್ಬ ಮೇಷ್ಟ್ರು. (ಬರಿ ಎಂದರೆ ಆ ಕಡೆ ತಾಯಿಯಿಂದ ಎಣಿಸುವ ಕುಲ.) "ನಮ್ಮಲ್ಲಿ ಬರಿ ತಾಯಿಯಿಂದ ಬರ್ತದೆ. ಹಾಗಾದ್ರೆ ಒಂದೇ ಬರಿಯವರ ಮೈಟೊಕಾಂಡ್ರಿಯವೂ ಒಂದೇ ಇರ್ತದಾ ಸಾರ್?"

ದಾಟುವ ಹಾದಿ ಎರಡಕ್ಕೂ ಒಂದೇ, ನಿಜ. ಅಳಿಯಸಂತಾನದಲ್ಲಿ ಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತಲ್ಲ, ಮಾವನಲ್ಲಿರುವ ಮೈಟೊಕಾಂಡ್ರಿಯ ಡಿಎನ್‌ಎ ಅವನ ಸ್ವಂತ ಮಕ್ಕಳಲ್ಲಿ ಇರುವುದಿಲ್ಲ, ಅಳಿಯನಲ್ಲಿ, ಅಂದರೆ ಅಕ್ಕತಂಗಿಯ ಮಗನಲ್ಲಿ ಇರುತ್ತದೆ. ಆದರೆ ಒಂದೇ ಬರಿಯ ಹೆಸರು ಹಲವು ಮೂಲದ ಕುಟುಂಬಗಳಿಗೆ ಇರಬಹುದು, ಹೊರಗಿನವರನ್ನು ಸೇರಿಸಿಕೊಂಡಿರಬಹುದು. ಡಿಎನ್‌ಎ ಓದದೆ ಒಂದೇ ಎನ್ನಲಾಗದು. ಇನ್ನೂ ಹಿಂದಕ್ಕೆ ಹೋದರೆ ಬರಿ, ಗೋತ್ರ, ಜಾತಿ ಯಾವುದೂ ಉಳಿಯುವುದಿಲ್ಲ. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ಎಂಬ ಮೂವರು ಬೇರೆಬೇರೆ ಜನಾಂಗಗಳ 147 ಜನರ ಮೈಟೊಕಾಂಡ್ರಿಯ ಡಿಎನ್‌ಎ ಹೋಲಿಸಿದರು, ಹೆಚ್ಚಿನವು ಹೆರಿಗೆಯ ನಂತರದ ಮಾಸಿನಿಂದ ತೆಗೆದದ್ದು. ಎಲ್ಲ ಎಳೆಗಳೂ ಸುಮಾರು 2 ಲಕ್ಷ ವರ್ಷ ಹಿಂದಿನ ಆಫ್ರಿಕದ ಒಬ್ಬ ಹೆಂಗಸಿನಲ್ಲಿ ಕೂಡಿದವು. ಅಂದು ಅವಳೊಬ್ಬಳೇ ಇದ್ದಳು ಎಂದಲ್ಲ. ಉಳಿದವರ ತಾಯಿ-ಮಗಳ ಎಳೆ ನಡುವೆ ಎಲ್ಲೋ ಕಡಿಯಿತು, ಅವಳದು ಉಳಿಯಿತು.

ಎರಡನೆಯದನ್ನು ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು. "ಸೋದರಮಾವಗ ಕೊಟ್ಟು ಮದುವಿ ಮಾಡಿದ್ರ ಇಂಥ ಕಾಯಿಲೆ ಹೆಚ್ಚಾಗ್ತಾವೇನ್ರಿ?"

ಎರಡು ಭಾಗ ಮಾಡಿ ಉತ್ತರಿಸಬೇಕು, ತಾಯಿ. ಮೈಟೊಕಾಂಡ್ರಿಯ ಡಿಎನ್‌ಎಯಲ್ಲೇ ದೋಷವಿದ್ದರೆ ಗಂಡ ಸೋದರಮಾವನಾದರೂ ಒಂದೇ, ದೂರದವನಾದರೂ ಒಂದೇ. ಮಗುವಿಗೆ ಹೋಗುವುದು ಹೆಂಡತಿಯದು ಮಾತ್ರ. ಆದರೆ ಮೈಟೊಕಾಂಡ್ರಿಯಕ್ಕೆ ಬೇಕಾದ ಸಾವಿರಕ್ಕೂ ಹೆಚ್ಚು ವಂಶವಾಹಿಗಳು ಕೋಶಕೇಂದ್ರದಲ್ಲಿವೆ ಅಂದೆನಲ್ಲ, ಅವುಗಳ ಮಟ್ಟಿಗೆ ಹೆಚ್ಚಾಗುತ್ತದೆ. ಸೋದರಮಾವ ಮತ್ತು ಅವನ ಅಕ್ಕನ ಮಗಳ ವಂಶವಾಹಿಗಳಲ್ಲಿ ಸರಾಸರಿ ಕಾಲುಭಾಗ ಒಂದೇ ಮೂಲದವು. ಇಬ್ಬರಲ್ಲೂ ಒಂದೇ ದೋಷ ಮರೆಯಾಗಿ ಕೂತಿದ್ದು, ಮಗುವಿಗೆ ಎರಡೂ ಕಡೆಯಿಂದ ಬಂದರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಒಂದು ವಂಶವಾಹಿಯ ಎರಡೂ ಪ್ರತಿ ಹೀಗೆ ಒಂದೇ ಮೂಲದಿಂದ ಬರುವ ಸಂಭವ ಸೋದರಮಾವನ ಮದುವೆಯಲ್ಲಿ ಎಂಟರಲ್ಲಿ ಒಂದು, ಅತ್ತೆಯ ಮಗ ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಅಂದರೆ ಅಷ್ಟು ಮಕ್ಕಳಿಗೆ ಕಾಯಿಲೆ ಬರುತ್ತದೆ ಎಂದಲ್ಲ. ಇಂಥ ಮದುವೆಯ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಮನೆಯಲ್ಲಿ ಈಗಾಗಲೇ ಒಂದು ಮಗುವಿಗೆ ಕಾರಣ ತಿಳಿಯದ ಕಾಯಿಲೆ ಬಂದಿದ್ದರೆ, ಮುಂದಿನ ಬಸಿರಿಗೆ ಮೊದಲೇ ಅನುವಂಶೀಯ ಸಲಹೆ ಕೊಡುವ ವೈದ್ಯರನ್ನು ಕಾಣಿ. ಹೋಗುವಾಗ ಎರಡೂ ಕಡೆ ಮೂರು ತಲೆಮಾರಿನ ಹೆಸರು ಬರೆದುಕೊಂಡು ಹೋಗಿ. ಯಾರಿಗೆ ಕಣ್ಣು ಹೋಗಿತ್ತು, ಯಾರಿಗೆ ಕಿವಿ, ಯಾರು ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು, ಯಾರ ಕೂಸು ಉಳಿಯಲಿಲ್ಲ ಎಂಬುದನ್ನೂ ಬರೆಯಿರಿ. ಅಪ್ಪನ ಕಡೆಯದು ಹೇಗಿದ್ದರೂ ನೆನಪಿರುತ್ತದೆ. ಅಜ್ಜಿಯ ತಾಯಿಯ ಹೆಸರು, ಅವಳ ಅಕ್ಕತಂಗಿಯರು ಯಾವ ಯಾವ ಊರಿಗೆ ಹೋದರು, ಅವರ ಮಕ್ಕಳು ಹೇಗಿದ್ದಾರೆ ಎಂಬುದನ್ನು ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆದುಕೊಳ್ಳಿ. ವೈದ್ಯರಿಗೆ ಆ ಕಡೆಯ ವಿವರವೂ ಬೇಕು.